ಕವಡೆ ಕಾಸಿಗೆ ಬೆಲೆ ಎಷ್ಟು? ಒಂದು ಚಿಪ್ಪು, ಹತ್ತಾರು ಭಾಷೆ

ಬನಶಂಕರಿ ಬಸ್ ಸ್ಟ್ಯಾಂಡಲ್ಲಿ ಇಯರ್‌ಫೋನ್ ಹಾಕ್ಕೊಂಡು ಕಾಯ್ತಾ ಇರೋರಿಗೂ, ಸಿಲ್ಕ್ ಬೋರ್ಡ್ ಸಿಗ್ನಲ್ಲಲ್ಲಿ ಅರ್ಧ ಗಂಟೆಯಿಂದ ನಿಂತಿರೋರಿಗೂ, ಕೇಳೋದಕ್ಕಿಂತ ಓದೋದೇ ವಾಸಿ ಅಂತ ಈ ಅಕ್ಷರರೂಪಕ್ಕೆ ಬಂದೋರಿಗೂ ಸ್ವಾಗತ. ಇವತ್ತಿನ ಪದ: ಕವಡೆ.

"ನಿನ್ನ ಮಾತಿಗೆ ಕವಡೆ ಕಾಸಿನ ಕಿಮ್ಮತ್ತಿಲ್ಲ." ಈ ವಾಕ್ಯ ಕೇಳದೇ ದೊಡ್ಡವರಾದ ಕನ್ನಡಿಗರು ಕಮ್ಮಿ. ಮನೇಲಿ ಬೈಗುಳ, ಟಿವಿ ಡಿಬೇಟಲ್ಲಿ ಬೈಗುಳ, ವಿಧಾನಸೌಧದಲ್ಲೂ ಬೈಗುಳ. ಕೆಲಸ ಹುಡುಕ್ತಾ ಇರೋ ಹುಡುಗ ಹುಡುಗೀರಿಗಂತೂ "ಈಗಿನ ಕಾಲದಲ್ಲಿ ಬರೀ ಡಿಗ್ರಿಗೆ ಕವಡೆ ಕಾಸಿನ ಬೆಲೆ ಇಲ್ಲ" ಅನ್ನೋ ಮಾತು ಮದುವೆ ಮನೆ ಊಟದ ಜೊತೆ ಉಪ್ಪಿನಕಾಯಿ ಥರ ಬಡಿಸ್ತಾರೆ.

ಆದ್ರೆ ಒಂದು ಪ್ರಶ್ನೆ. ಕವಡೆ ಕಾಸಿಗೆ ನಿಜವಾಗ್ಲೂ ಬೆಲೆ ಎಷ್ಟಿತ್ತು? ಒಂದು ಕವಡೆಗೆ ಏನು ಬರ್ತಿತ್ತು? ಬೆಲೆನೇ ಇಲ್ಲದ ವಸ್ತು ಆಗಿದ್ರೆ ಅದನ್ನ ಕಾಸು ಅಂತ ಯಾಕೆ ಕರೆದ್ರು? ಇದನ್ನ ಹುಡುಕ್ತಾ ಹೋದ್ರೆ ಗಾಂಧಿ ಬಜಾರಿನ ಗ್ರಂದಿಗೆ ಅಂಗಡಿಯಿಂದ ಮಾಲ್ಡೀವ್ಸ್, ಬಂಗಾಳ, ಚೀನಾ, ಘಾನಾವರೆಗೂ ಹೋಗಬೇಕಾಗುತ್ತೆ. ಬನ್ನಿ, ಹೋಗೋಣ.

ಮೊದಲು ವಸ್ತು ಯಾವುದು ಅಂತ ನೋಡೋಣ

ಪೂಜೆ ಸಾಮಾನು ಮಾರೋ ಗ್ರಂದಿಗೆ ಅಂಗಡೀಲಿ "ಕವಡೆ ಕೊಡಿ" ಅಂದ್ರೆ ಸಣ್ಣ ಪೊಟ್ಟಣ ಕಟ್ಟಿ ಕೊಡ್ತಾರೆ. ಬಿಳಿ ಅಥವಾ ತಿಳಿ ಹಳದಿ ಬಣ್ಣ, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ಮೇಲೆ ಉಬ್ಬಿದ ಬೆನ್ನು, ಕೆಳಗೆ ಹಲ್ಲು ಹಲ್ಲಾಗಿರೋ ಸೀಳು. ಇದು ಸಮುದ್ರದ ಒಂದು ಬಸವನಹುಳುವಿನ ಚಿಪ್ಪು. ಒಳಗಿನ ಜೀವ ಸತ್ತ ಮೇಲೆ ಉಳಿಯೋ ಮನೆ. ಸುಣ್ಣಕಲ್ಲಿನಲ್ಲಿ ಇರೋ ಕ್ಯಾಲ್ಸಿಯಂ ಕಾರ್ಬೊನೇಟೇ ಇದ್ರಲ್ಲೂ ಇರೋದು.

1758ರಲ್ಲಿ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಈ ಜೀವಿಗೆ "ಸಿಪ್ರಿಯಾ ಮೊನೆಟಾ" ಅಂತ ಹೆಸರಿಟ್ಟ. ಈಗ ಅದನ್ನ "ಮೊನೆಟೇರಿಯಾ ಮೊನೆಟಾ" ಅಂತಾರೆ. ಮೊನೆಟಾ ಅಂದ್ರೆ ಲ್ಯಾಟಿನ್ನಲ್ಲಿ ನಾಣ್ಯ. ಇಂಗ್ಲಿಷಿನ "ಮನಿ" ಹುಟ್ಟಿದ್ದೂ ಅದೇ ಪದದಿಂದ. ಅಂದ್ರೆ ವಿಜ್ಞಾನದ ಹೆಸರಲ್ಲೇ "ದುಡ್ಡು ದುಡ್ಡು" ಅಂತ ಎರಡು ಸಲ ಬರೆದಿದೆ. ಲಿನೇಯಸ್ ಕಾಲಕ್ಕೆ ಈ ಚಿಪ್ಪು ಹಣವಾಗಿ ಜಗತ್ತೆಲ್ಲ ಓಡಾಡ್ತಿತ್ತು, ಅದಕ್ಕೇ ಆ ಹೆಸರು.

ಪದದ ದಾರಿ: ಜಟೆಯಿಂದ ಚಿಪ್ಪಿಗೆ

ಕನ್ನಡದ "ಕವಡೆ" ಪದದ ಹಿಂದೆ ಸಂಸ್ಕೃತದ "ಕಪರ್ದ", "ಕಪರ್ದಕ" ಇದೆ. ನಡುವೆ ಪ್ರಾಕೃತದ "ಕವಡ್ಡ" ಇದೆ. ಕಪರ್ದ, ಕವಡ್ಡ, ಕವಡೆ. ಇಲ್ಲಿ ಪಕಾರ ಸವೆದು ವಕಾರ ಆಗಿದೆ. ಇದೇನೂ ಹೊಸದಲ್ಲ, ಸಂಸ್ಕೃತದ "ದೀಪಿಕಾ" ಕನ್ನಡಕ್ಕೆ ಬಂದು "ದೀವಿಗೆ" ಆಗಿದ್ದೂ ಹೀಗೇ. ಅದೇ ಪದ ಉತ್ತರದ ಕಡೆ ಹೋಗಿ ಹಿಂದಿಯಲ್ಲಿ "ಕೌಡಿ" ಆಯ್ತು, ಮರಾಠಿಯಲ್ಲಿ "ಕವಡಿ", ಬಂಗಾಳಿಯಲ್ಲಿ "ಕೋಡಿ". ಮಲಯಾಳಂನಲ್ಲಿ "ಕವಡಿ". ನಮ್ಮ ಉತ್ತರ ಕರ್ನಾಟಕದಲ್ಲೂ ಕವಡಿ ಅಂತಾನೇ ಅನ್ನೋದು. ಈಸ್ಟ್ ಇಂಡಿಯಾ ಕಂಪನಿ ವ್ಯಾಪಾರಿಗಳು 17ನೇ ಶತಮಾನದಲ್ಲಿ ಹಿಂದಿಯ ಕೌಡಿಯನ್ನ ಕಿವಿಗೆ ಬಿದ್ದ ಹಾಗೆ ಬರ್ಕೊಂಡ್ರು. ಅದೇ ಇಂಗ್ಲಿಷಿನ "ಕೌರಿ". ಅಂದ್ರೆ ಆ ಇಂಗ್ಲಿಷ್ ಪದ ನಮ್ಮ ಕವಡೆಯ ಅಣ್ಣನೋ ತಮ್ಮನೋ, ಅಷ್ಟೆ.

ಈಗ ಇನ್ನೊಂದು ಕುತೂಹಲದ ವಿಷಯ. "ಕಪರ್ದ" ಅನ್ನೋ ಪದಕ್ಕೆ ಇನ್ನೊಂದು ಅರ್ಥ ಇದೆ: ಸುತ್ತಿ ಕಟ್ಟಿದ ಕೂದಲು, ಜಟೆ. ಋಗ್ವೇದದಲ್ಲಿ ರುದ್ರನನ್ನ "ಕಪರ್ದಿ" ಅಂತ ಕರೀತಾರೆ, ಅಂದ್ರೆ ಜಡೆ ಸುತ್ತಿಕೊಂಡವನು. ವಸಿಷ್ಠರ ಕುಲದವರು ತಲೆಯ ಬಲಗಡೆ ಕಪರ್ದ ಕಟ್ತಿದ್ರು ಅನ್ನೋ ವಿವರವೂ ಅದ್ರಲ್ಲೇ ಬರುತ್ತೆ. ಇವತ್ತಿನ ಭಾಷೇಲಿ ಸೈಡ್ ಬನ್ ಅನ್ನಿ. ಸುರುಳಿ ಸುತ್ತಿದ ಕೂದಲು, ಸುರುಳಿ ಸುತ್ತಿದ ಚಿಪ್ಪು. ಎರಡಕ್ಕೂ ಒಂದೇ ಪದ. ಆ ಪದ ಸಂಸ್ಕೃತಕ್ಕೆ ಎಲ್ಲಿಂದ ಬಂತು ಅನ್ನೋದ್ರಲ್ಲಿ ವಿದ್ವಾಂಸರಿಗೆ ಇನ್ನೂ ಒಮ್ಮತ ಇಲ್ಲ.

ಈ ಹೆಸರು ನಮ್ಮ ಇತಿಹಾಸದಲ್ಲೂ ಕಾಣ್ಸುತ್ತೆ. 9ನೇ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನಿಗೆ ಸಾಮಂತನಾಗಿದ್ದ ಉತ್ತರ ಕೊಂಕಣದ ಶಿಲಾಹಾರ ದೊರೆಯ ಹೆಸರು ಕಪರ್ದಿ. ಮುಂಬೈ ಹತ್ತಿರದ ಕನ್ಹೇರಿ ಗುಹೆಗಳ ಶಾಸನಗಳಲ್ಲಿ ಈ ಇಬ್ಬರ ಹೆಸರೂ ಒಟ್ಟಿಗೇ ಇದೆ. ಇನ್ನು ಆಯುರ್ವೇದದ ಅಂಗಡೀಲಿ "ಕಪರ್ದಿಕಾ ಭಸ್ಮ" ಅಥವಾ "ವರಾಟಿಕಾ ಭಸ್ಮ" ಅನ್ನೋ ಡಬ್ಬಿ ನೋಡಿದ್ರೆ, ಅದು ಕವಡೆ ಸುಟ್ಟು ಮಾಡಿದ ಬೂದಿ.

ಒಂದು ಗೊಂದಲ ಇಲ್ಲೇ ಬಿಡಿಸಿಬಿಡೋಣ. ಆಡಿಕೃತ್ತಿಕೆ ಹಬ್ಬದಲ್ಲಿ ಸುಬ್ರಹ್ಮಣ್ಯನ ಭಕ್ತರು ಹೆಗಲ ಮೇಲೆ ಹೊರೋದು "ಕಾವಡಿ". ಅದಕ್ಕೂ ಕವಡೆಗೂ ಸಂಬಂಧ ಇಲ್ಲ. ಅದು ತಮಿಳಿನ ಪದ: "ಕಾವು" ಅಂದ್ರೆ ಹೆಗಲ ಮೇಲೆ ಹೊರು, "ತಡಿ" ಅಂದ್ರೆ ಕೋಲು. ಕೇಳೋಕೆ ಮಾತ್ರ ಒಂದೇ ಥರ.

ಇದೇ ಪದ ಎಲ್ಲ ಕಡೆನೂ ಇಲ್ಲ ಅನ್ನೋದನ್ನೂ ಗಮನಿಸಿ. ತೆಲುಗಿನಲ್ಲಿ ಕವಡೆಗೆ "ಗವ್ವ". ಅದೇ ಆಕಾರದಲ್ಲಿ ಮಾಡೋ ಸಿಹಿತಿಂಡಿಗೆ "ಗವ್ವಲು". ತಮಿಳಿನಲ್ಲಿ ಜ್ಯೋತಿಷಿಗಳು ಹಾಕೋ ಕವಡೆಗೆ "ಸೋಳಿ". ಅಕ್ಕಪಕ್ಕದ ಮನೆಗಳು, ಅದೇ ಚಿಪ್ಪು, ಹೆಸರು ಮಾತ್ರ ಬೇರೆ ಬೇರೆ.

ಬೈಗುಳದಲ್ಲಿ ಮಾತ್ರ ಎಲ್ಲರೂ ಒಂದೇ

ಹೆಸರು ಬೇರೆ ಆದ್ರೂ ಬೈಯೋ ವಿಚಾರದಲ್ಲಿ ಇಡೀ ದೇಶ ಒಂದೇ ಪಕ್ಷ. ಹಿಂದಿಯವರು "ದೋ ಕೌಡಿ ಕಾ ಆದ್ಮಿ" ಅಂತಾರೆ, ಎರಡು ಕವಡೆ ಬೆಲೆಯವನು ಅಂತ. ಕೈಯಲ್ಲಿ ಏನೂ ಇಲ್ಲ ಅನ್ನೋಕೆ "ಫೂಟಿ ಕೌಡಿ", ಒಡೆದ ಕವಡೆ. ತೆಲುಗಿನವರು "ಚಿಲ್ಲಿಗವ್ವ", ತೂತು ಬಿದ್ದ ಕವಡೆ. ಮರಾಠಿಯಲ್ಲಿ ತೀರಾ ಅಗ್ಗದ ಬೆಲೆಗೆ ಹೋದದ್ದು "ಕವಡೀಮೋಲ". ಈರುಳ್ಳಿ ರೇಟು ಬಿದ್ದಾಗ ಮರಾಠಿ ಪೇಪರುಗಳಲ್ಲಿ ಇದು ಮಾಮೂಲಿ ಹೆಡ್‌ಲೈನು. ನಾವು ಕವಡೆ ಕಾಸು.

ನಮ್ಮ ನುಡಿಗಟ್ಟಿನ ಎರಡನೇ ಪದ "ಕಾಸು" ಕೂಡ ದೊಡ್ಡ ಪ್ರಯಾಣಿಕ. ದಕ್ಷಿಣ ಭಾರತದ ಸಣ್ಣ ನಾಣ್ಯ ಕಾಸು. ಪೋರ್ಚುಗೀಸರು ಅದನ್ನ "ಕೈಶಾ" ಮಾಡ್ಕೊಂಡ್ರು, ಇಂಗ್ಲಿಷಿನವರು "ಕ್ಯಾಶ್" ಮಾಡ್ಕೊಂಡ್ರು. ಆಮೇಲೆ ಚೀನಾದ ತೂತು ನಾಣ್ಯಗಳಿಗೂ ಅದೇ ಹೆಸರು ಹೋಯ್ತು. ಹುಷಾರು, ನಾವು "ಕ್ಯಾಶ್ ಇಲ್ಲ, ಫೋನ್‌ಪೇ ಮಾಡ್ತೀನಿ" ಅನ್ನೋ ಕ್ಯಾಶ್ ಬೇರೆ. ಅದು ಪೆಟ್ಟಿಗೆ ಅನ್ನೋ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಎರಡೂ ದಾರಿ ಬೇರೆ, ಸೇರಿದ್ದು ಒಂದೇ ಸ್ಪೆಲ್ಲಿಂಗಿನಲ್ಲಿ.

ಬಂಗಾಳಿಗಳು ಮಾತ್ರ ಕವಡೆಗೆ ಇನ್ನೂ ಮರ್ಯಾದೆ ಇಟ್ಕೊಂಡಿದ್ದಾರೆ. ಅಲ್ಲಿ ದುಡ್ಡುಕಾಸು ಅನ್ನೋಕೆ "ಟಾಕಾಕೋಡಿ", ಅಂದ್ರೆ ರೂಪಾಯಿ ಮತ್ತು ಕವಡೆ. ನದಿ ದಾಟಿಸೋ ದೋಣಿಯವನಿಗೆ ಕೊಡೋ ಕೂಲಿ "ಪಾರೇರ್ ಕೋಡಿ". ಸತ್ತ ಮೇಲೆ ಆಚೆ ದಡ ಸೇರೋಕೆ ಬೇಕಾದ ಪುಣ್ಯಕ್ಕೂ ಅದೇ ಮಾತು. ಈ ಮರ್ಯಾದೆಗೆ ಕಾರಣ ಇದೆ. ಕವಡೆ ನಿಜವಾದ ಹಣವಾಗಿ ಬಹಳ ಕಾಲ ಉಳಿದ ಜಾಗಗಳಲ್ಲಿ ಬಂಗಾಳವೂ ಒಂದು.

ಲೆಕ್ಕಕ್ಕೆ ಬರೋಣ

1150ರಲ್ಲಿ ಎರಡನೇ ಭಾಸ್ಕರಾಚಾರ್ಯ ಬರೆದ "ಲೀಲಾವತಿ" ಗಣಿತ ಗ್ರಂಥ ಶುರುವಾಗೋದೇ ಅಳತೆಗಳ ಪಟ್ಟಿಯಿಂದ. ನಮ್ಮ ಶಾಲೆಯ ಮಗ್ಗಿ ಪುಸ್ತಕದ ಹಿಂದೆ ಇರ್ತಿತ್ತಲ್ಲ, ಹಾಗೆ. ಅದ್ರಲ್ಲಿ ಹಣದ ಲೆಕ್ಕ ಹೀಗಿದೆ: 20 ವರಾಟಕಕ್ಕೆ ಒಂದು ಕಾಕಿಣಿ, 4 ಕಾಕಿಣಿಗೆ ಒಂದು ಪಣ, 16 ಪಣಕ್ಕೆ ಒಂದು ದ್ರಮ್ಮ, 16 ದ್ರಮ್ಮಕ್ಕೆ ಒಂದು ನಿಷ್ಕ. ವರಾಟಕ ಅಂದ್ರೆ ಕವಡೆ. ಹಾಗಾದ್ರೆ ಒಂದು ಪಣಕ್ಕೆ 80 ಕವಡೆ, ಒಂದು ದ್ರಮ್ಮಕ್ಕೆ 1280.

ಈಗ ಆರು ಶತಮಾನ ದಾಟಿ ಬಂಗಾಳಕ್ಕೆ ಬನ್ನಿ. ಅಲ್ಲಿನ ಸಂತೆ ಲೆಕ್ಕ: 4 ಕವಡೆಗೆ ಒಂದು ಗಂಡ, 20 ಗಂಡಕ್ಕೆ ಒಂದು ಪಣ, 16 ಪಣಕ್ಕೆ ಒಂದು ಕಾಹನ. ಗುಣಿಸಿ ನೋಡಿ: ಪಣಕ್ಕೆ 80, ಕಾಹನಕ್ಕೆ 1280. ಪುಸ್ತಕದ ಲೆಕ್ಕ ಸಂತೆಯಲ್ಲಿ ಹಾಗೇ ಬದುಕಿತ್ತು. 4 ಕಾಹನಕ್ಕೆ ಒಂದು ಬೆಳ್ಳಿ ರೂಪಾಯಿ ಅಂತ ಹಿಡಿದ್ರೆ, ಒಂದು ರೂಪಾಯಿಗೆ 5120 ಕವಡೆ.

ಈ "ಪಣ" ಪದವನ್ನ ಸ್ವಲ್ಪ ಹಿಡ್ಕೊಳ್ಳಿ. ಹಳಗನ್ನಡದ ಪಕಾರ ಕಾಲಕ್ರಮದಲ್ಲಿ ಹಕಾರ ಆಯ್ತು ಅಂತ ಹೈಸ್ಕೂಲಲ್ಲಿ ಓದಿರ್ತೀರಿ. ಪಾಲು ಹಾಲಾಯ್ತು, ಪೂವು ಹೂವಾಯ್ತು, ಪಳ್ಳಿ ಹಳ್ಳಿಯಾಯ್ತು. ಹಾಗೇ ಪಣ ಹಣ ಆಯ್ತು. ನಾವು ದಿನಾ ಬಳಸೋ "ಹಣ" ಅನ್ನೋ ಪದ ಇದೇ. 17ನೇ ಶತಮಾನದಲ್ಲಿ ಮೈಸೂರಿನ ರಣಧೀರ ಕಂಠೀರವ ನರಸರಾಜ ಒಡೆಯರು ಹೊರಡಿಸಿದ ಪುಟ್ಟ ಚಿನ್ನದ ನಾಣ್ಯದ ಹೆಸರೇ "ಕಂಠೀರಾಯಿ ಹಣ". ಅಂಥ 10 ಹಣಕ್ಕೆ ಒಂದು ವರಹ ಅಂತ ಲೆಕ್ಕ.

ಪಣ ಅನ್ನೋ ಹಳೇ ರೂಪವೂ ಕನ್ನಡದಲ್ಲಿ ಸತ್ತಿಲ್ಲ. "ಪ್ರಾಣ ಪಣಕ್ಕಿಟ್ಟು", "ಪಣ ತೊಟ್ಟು" ಅಂತೀವಲ್ಲ, ಅದೇ. ಸಂಸ್ಕೃತದಲ್ಲಿ ಪಣ ಅಂದ್ರೆ ನಾಣ್ಯವೂ ಹೌದು, ಜೂಜಿನಲ್ಲಿ ಒಡ್ಡೋ ಒತ್ತೆಯೂ ಹೌದು. ಒಂದೇ ಪದ ನಮ್ಮಲ್ಲಿ ಎರಡಾಗಿ ಉಳೀತು: ಜೇಬಲ್ಲಿ ಇದ್ರೆ ಹಣ, ಆಟಕ್ಕೆ ಇಟ್ರೆ ಪಣ. ಐಪಿಎಲ್ ಸೀಸನ್ನಲ್ಲಿ ಫ್ಯಾಂಟಸಿ ಆ್ಯಪ್ ನೋಡಿದೋರಿಗೆ ಇದನ್ನ ವಿವರಿಸಿ ಹೇಳಬೇಕಾಗಿಲ್ಲ.

ಚಿಪ್ಪು ಯಾಕೆ ದುಡ್ಡಾಯ್ತು?

ಬಿಕಾಂ ಮೊದಲ ವರ್ಷದಲ್ಲೇ ಹೇಳಿಕೊಡ್ತಾರೆ: ಹಣ ಅನ್ನಿಸಿಕೊಳ್ಳೋ ವಸ್ತು ಬಾಳಿಕೆ ಬರಬೇಕು, ಒಂದರ ಹಾಗೆ ಇನ್ನೊಂದು ಇರಬೇಕು, ಹೊತ್ಕೊಂಡು ಹೋಗೋ ಹಾಗಿರಬೇಕು, ಸುಲಭವಾಗಿ ಸಿಗಬಾರದು, ನಕಲಿ ಮಾಡೋಕೆ ಆಗಬಾರದು. ಕವಡೆಗೆ ಈ ಪರೀಕ್ಷೆ ಕೊಟ್ಟು ನೋಡಿ. ಕೊಳೆಯಲ್ಲ, ತುಕ್ಕು ಹಿಡಿಯಲ್ಲ. ಇಲಿ ತಿನ್ನಲ್ಲ. ಒಂದೊಂದೂ ಹೆಚ್ಚು ಕಮ್ಮಿ ಒಂದೇ ಗಾತ್ರ. ಓದು ಬರಹ ಬಾರದೋರೂ ಎಣಿಸಬಹುದು. ನಕಲಿ ಕವಡೆ ಮಾಡೋ ಖರ್ಚು ಅಸಲಿ ಕವಡೆಗಿಂತ ಜಾಸ್ತಿ. ಎಲ್ಲದಕ್ಕಿಂತ ಮುಖ್ಯವಾಗಿ, ಒಂದು ಹಿಡಿ ಸೊಪ್ಪು, ನಾಲ್ಕು ವೀಳ್ಯದೆಲೆ ಥರದ ಸಣ್ಣ ವ್ಯಾಪಾರಕ್ಕೆ ಸರಿಹೋಗೋ ಹಣ ಅದೊಂದೇ. ಬೆಳ್ಳಿ ರೂಪಾಯಿ ಒಡೆದು ಸೊಪ್ಪು ತರೋಕಾಗುತ್ತಾ?

ಅಂದ್ರೆ ಕವಡೆ ಬಡವರ ಚಿಲ್ಲರೆ. ದೊಡ್ಡ ವ್ಯಾಪಾರಿಗೆ ಚಿನ್ನ ಬೆಳ್ಳಿ, ಸಂತೆಗೆ ಬರೋ ಅಜ್ಜಿಗೆ ಕವಡೆ. "ಕವಡೆ ಕಾಸಿನ ಬೆಲೆ ಇಲ್ಲ" ಅಂದವರು ಯಾರ ಜಾಗದಲ್ಲಿ ನಿಂತು ಮಾತಾಡ್ತಿದ್ರು ಅನ್ನೋದು ಇಲ್ಲಿ ಗೊತ್ತಾಗುತ್ತೆ. ಕವಡೆ ಎಣಿಸಿ ಸಂಸಾರ ನಡೆಸೋರು ಆ ಮಾತು ಆಡಿರೋಕೆ ಸಾಧ್ಯ ಇಲ್ಲ.

ಈ ಚಿಪ್ಪಿನ ದೊಡ್ಡ ಗಣಿ ಮಾಲ್ಡೀವ್ಸ್. ಅಲ್ಲಿನ ಧಿವೇಹಿ ಭಾಷೇಲಿ ಕವಡೆಗೆ "ಬೋಲಿ". ಆಳ ಕಮ್ಮಿ ಇರೋ ನೀರಲ್ಲಿ ತೆಂಗಿನ ಗರಿ ಬಿಡ್ತಿದ್ರು, ಹುಳುಗಳು ಬಂದು ಅಂಟ್ಕೊಳ್ತಿದ್ವು. ಎಳೆದು ದಡಕ್ಕೆ ಹಾಕಿ, ಒಳಗಿನ ಮಾಂಸ ಕೊಳೆತು ಹೋದ ಮೇಲೆ ತೊಳೆದು, ಹಡಗಿಗೆ ತುಂಬಿಸಿ ಬಂಗಾಳಕ್ಕೆ ಕಳಿಸಿ, ಬದಲಿಗೆ ಅಕ್ಕಿ ತರಿಸ್ಕೊಳ್ತಿದ್ರು. 1340ರ ದಶಕದಲ್ಲಿ ಅಲ್ಲಿ ಕಾಜಿಯಾಗಿದ್ದ ಪ್ರವಾಸಿ ಇಬ್ನ್ ಬತೂತ ಇದನ್ನ ಬರೆದಿಟ್ಟಿದ್ದಾನೆ. ಅವನಿಗಿಂತ ಮೂರು ಶತಮಾನ ಮೊದಲು ಅಲ್ ಬೆರೂನಿ ಅರಬ್ಬಿ ಸಮುದ್ರದ ದ್ವೀಪಗಳನ್ನ ಎರಡು ಗುಂಪು ಮಾಡಿದ್ದ: ಕವಡೆಯ ದ್ವೀಪಗಳು ಮತ್ತು ತೆಂಗಿನ ನಾರಿನ ಹಗ್ಗದ ದ್ವೀಪಗಳು. ಮೊದಲನೇದು ಮಾಲ್ಡೀವ್ಸ್, ಎರಡನೇದು ಲಕ್ಷದ್ವೀಪ. ಆ ಲಕ್ಷದ್ವೀಪದ ಅಮೀನ್‌ದಿವಿ ದ್ವೀಪಗಳು 1956ರವರೆಗೂ ನಮ್ಮ ಮಂಗಳೂರು ಕೇಂದ್ರವಾಗಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಭಾಗ ಆಗಿದ್ವು ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ.

128 ಕೋಟಿ ಕವಡೆಯ ತೆರಿಗೆ

1778ರಲ್ಲಿ ಈಗಿನ ಬಾಂಗ್ಲಾದೇಶದ ಸಿಲ್ಹೆಟ್‌ಗೆ ರಾಬರ್ಟ್ ಲಿಂಡ್ಸೆ ಅನ್ನೋ ಕಂಪನಿ ಅಧಿಕಾರಿ ಹೋದ. ಅಲ್ಲಿನ ಕಂದಾಯ ವರ್ಷಕ್ಕೆ ಎರಡೂವರೆ ಲಕ್ಷ ರೂಪಾಯಿ. ಪಾವತಿ ಪೂರ್ತಿ ಕವಡೆಯಲ್ಲಿ. ರೂಪಾಯಿಗೆ 5120ರ ಲೆಕ್ಕದಲ್ಲಿ ಗುಣಿಸಿದ್ರೆ 128 ಕೋಟಿ ಕವಡೆ. ಒಂದು ಕವಡೆ ಒಂದು ಗ್ರಾಂ ಅಂತ ಕಮ್ಮಿ ಹಿಡಿದ್ರೂ ಒಂದು ರೂಪಾಯಿಯ ತೂಕ ಐದು ಕೆಜಿ ದಾಟುತ್ತೆ. ಅದನ್ನ ಇಡೋಕೆ ಗೋಡೌನುಗಳು, ಢಾಕಾಕ್ಕೆ ಸಾಗಿಸೋಕೆ ದೋಣಿಗಳ ಸಾಲು. ಯುಪಿಐ ಫೇಲ್ ಆದ್ರೆ ಗೊಣಗೋ ನಾವು ಆ ಗುಮಾಸ್ತರ ಪಾಡನ್ನ ಒಮ್ಮೆ ಯೋಚಿಸಬೇಕು.

ಕಂಪನಿಗೆ ಇದು ಬೇಡವಾಯ್ತು. ಅವರಿಗೆ ಬೇಕಾದದ್ದು ಬೆಳ್ಳಿ. 1803ರಲ್ಲಿ ಒಡಿಶಾ ಕಂಪನಿ ಕೈಗೆ ಹೋದ ಮೇಲೆ ಕಂದಾಯವನ್ನ ಬೆಳ್ಳಿ ರೂಪಾಯಿಯಲ್ಲೇ ಕಟ್ಟಬೇಕು ಅನ್ನೋ ನಿಯಮ ಬಂತು. ರೈತನ ಕೈಲಿ ಇದ್ದದ್ದು ಕವಡೆ. ಅವನು ಭತ್ತ ಮಾರಿದ್ರೆ ಬರ್ತಿದ್ದದ್ದೂ ಕವಡೆ. ತೆರಿಗೆ ಕಟ್ಟೋಕೆ ಅದನ್ನ ಕೊಟ್ಟು ರೂಪಾಯಿ ಕೊಳ್ಳಬೇಕು. ಎಲ್ಲರೂ ಒಟ್ಟಿಗೇ ರೂಪಾಯಿ ಕೇಳಿದಾಗ ರೂಪಾಯಿ ದುಬಾರಿ ಆಯ್ತು, ಕವಡೆ ಅಗ್ಗ ಆಯ್ತು. ದುಡಿಮೆ ಅಷ್ಟೇ, ಬೆಳೆ ಅಷ್ಟೇ, ಕೂಡಿಟ್ಟ ಗಡಿಗೆಯೂ ಅದೇ. ಅದರ ಬೆಲೆ ಮಾತ್ರ ಇಳೀತಾ ಹೋಯ್ತು. 1817ರಲ್ಲಿ ಬಕ್ಷಿ ಜಗಬಂಧು ಮುಂದಾಳತ್ವದಲ್ಲಿ ಖುರ್ದಾದಲ್ಲಿ ಪೈಕ ದಂಗೆ ಎದ್ದಾಗ ಅದರ ಹಿಂದೆ ಕಿತ್ತುಕೊಂಡ ಭೂಮಿ, ಉಪ್ಪಿನ ಬೆಲೆಯ ಜೊತೆಗೆ ಈ ಕವಡೆಯ ಸಿಟ್ಟೂ ಇತ್ತು.

ಅಂದ್ರೆ ಕವಡೆ ತಾನಾಗೇ ಬೆಲೆ ಕಳ್ಕೊಂಡಿಲ್ಲ. ತೆರಿಗೆ ಕೌಂಟರಿನಲ್ಲಿ ಕೂತವರು "ಇದು ನಡೆಯಲ್ಲ" ಅಂದ್ರು, ಅದಕ್ಕೇ ಕಳ್ಕೊಳ್ತು.

ಕವಡೆ ಕೊಟ್ಟು ಮನುಷ್ಯರನ್ನ ಕೊಂಡಾಗ

ಈ ಕಥೆಯ ಕತ್ತಲೆ ಭಾಗ ಹೇಳದೇ ಬಿಡೋಕಾಗಲ್ಲ. ಪೋರ್ಚುಗೀಸರು, ಆಮೇಲೆ ಡಚ್ಚರು, ಇಂಗ್ಲಿಷರು ಹಿಂದೂ ಮಹಾಸಾಗರದ ಕವಡೆಯನ್ನ ಹಡಗಿನ ಅಡಿಭಾರಕ್ಕೆ ಅಂತ ತುಂಬಿಸ್ಕೊಂಡು ಯುರೋಪಿಗೆ ಒಯ್ತಿದ್ರು. ಆಮ್‌ಸ್ಟರ್‌ಡಾಮ್, ಲಂಡನ್‌ನಲ್ಲಿ ಅದು ಹರಾಜಾಗ್ತಿತ್ತು. ಅಲ್ಲಿಂದ ಪಶ್ಚಿಮ ಆಫ್ರಿಕಾಕ್ಕೆ. ಅಲ್ಲಿ ಕವಡೆಯೇ ಹಣ. ಆ ಹಣಕ್ಕೆ ಅವರು ಕೊಂಡದ್ದರಲ್ಲಿ ಮನುಷ್ಯರೂ ಸೇರಿದ್ರು. ಅಟ್ಲಾಂಟಿಕ್ ದಾಟಿಸಿ ಗುಲಾಮರಾಗಿ ಮಾರಿದ ಎಷ್ಟೋ ಜನರ ಬೆಲೆಯನ್ನ ಮಾಲ್ಡೀವ್ಸಿನ ಚಿಪ್ಪಿನಲ್ಲಿ ಎಣಿಸಿದ್ದಾರೆ. ನಾವು "ಎರಡು ಕವಡೆ ಬೆಲೆಯವನು" ಅಂತ ಸುಲಭವಾಗಿ ಬೈತೀವಿ. ಅಲ್ಲಿ ಮನುಷ್ಯನಿಗೆ ಕವಡೆಯಲ್ಲಿ ಬೆಲೆ ಕಟ್ಟಿದ್ದು ಬೈಗುಳದಲ್ಲಲ್ಲ, ಲೆಕ್ಕದ ಪುಸ್ತಕದಲ್ಲಿ.

19ನೇ ಶತಮಾನದ ಮಧ್ಯದಲ್ಲಿ ಹ್ಯಾಂಬರ್ಗಿನ ವ್ಯಾಪಾರಿಗಳು ಇನ್ನೊಂದು ದಾರಿ ಕಂಡ್ಕೊಂಡ್ರು. ಜಾಂಜಿಬಾರ್ ಕಡೆ ಸಿಗೋ, ಬೆನ್ನ ಮೇಲೆ ಹಳದಿ ಉಂಗುರ ಇರೋ ಅಗ್ಗದ ಕವಡೆಯನ್ನ ಹಡಗುಗಟ್ಟಲೆ ಸುರಿದ್ರು. ಮಾರುಕಟ್ಟೆ ತುಂಬಾ ಕವಡೆ ಆಗಿ ಬೆಲೆ ಕುಸೀತು. ನೋಟು ಪ್ರಿಂಟ್ ಮಾಡ್ತಾ ಹೋದ್ರೆ ಏನಾಗುತ್ತೆ ಅಂತ ಓದಿದ್ದೀವಲ್ಲ, ಹಣದುಬ್ಬರ, ಅದೇ ಆಯ್ತು. ತಲೆಮಾರುಗಳಿಂದ ಕೂಡಿಟ್ಟ ಉಳಿತಾಯ ಕಣ್ಣೆದುರೇ ಕರಗೋಯ್ತು.

ಆದ್ರೂ ಘಾನಾ ದೇಶ ಆ ಪದವನ್ನ ಬಿಡಲಿಲ್ಲ. ಬ್ರಿಟಿಷರಿಂದ ಸ್ವತಂತ್ರವಾದ ಮೇಲೆ 1965ರಲ್ಲಿ ಹೊಸ ಹಣ ತಂದಾಗ ಅದಕ್ಕೆ "ಸೆಡಿ" ಅಂತ ಹೆಸರಿಟ್ರು. ಅಕಾನ್ ಭಾಷೆಯಲ್ಲಿ ಕವಡೆಗೆ ಇರೋ ಪದದಿಂದ ಬಂದ ಹೆಸರು ಅದು. ಇವತ್ತೂ ಅಲ್ಲಿ ಸಂಬಳ ಬರೋದು ಸೆಡಿಯಲ್ಲಿ.

ಚೀನಾ, ಥಾಯ್ಲೆಂಡ್, ಮತ್ತು ನಿಮ್ಮ ಕಾಫಿ ಕಪ್

ಚೀನಾದಲ್ಲಿ ಕ್ರಿಸ್ತಪೂರ್ವ 1200ರ ಆಸುಪಾಸಿನ ಫು ಹಾವ್ ಅನ್ನೋ ರಾಣಿಯ ಸಮಾಧಿಯನ್ನ 1976ರಲ್ಲಿ ಅಗೆದಾಗ ಸುಮಾರು 7000 ಕವಡೆ ಸಿಕ್ಕಿತು. ಚೀನೀ ಬರವಣಿಗೆಯಲ್ಲಿ ಕವಡೆಯ ಚಿತ್ರವೇ ಒಂದು ಅಕ್ಷರ ಆಯ್ತು, ಉಚ್ಚಾರ "ಬೇ". ಕೊಳ್ಳು, ಮಾರು, ಸಂಪತ್ತು, ಕಳ್ಳ ಅನ್ನೋ ಸಾಂಪ್ರದಾಯಿಕ ಅಕ್ಷರಗಳೆಲ್ಲದರ ಒಳಗೆ ಈ ಚಿಪ್ಪು ಕೂತಿದೆ. ಬಡತನ ಅನ್ನೋ ಅಕ್ಷರದಲ್ಲಿ ಮೇಲೆ "ಹಂಚು" ಅನ್ನೋ ಗುರುತು, ಕೆಳಗೆ ಕವಡೆ. ಇದ್ದ ಕವಡೆ ಹರಿದು ಹಂಚಿಹೋದ್ರೆ ಬಡತನ. ಪ್ರೀತಿ ಪಾತ್ರರನ್ನ ಚೀನೀಯರು "ಬಾವ್‌ಬೇ" ಅಂತ ಕರೀತಾರೆ. ನಾವು ಚಿನ್ನ, ಬಂಗಾರ ಅಂದ ಹಾಗೆ. ಅದರ ಕೊನೆಯ "ಬೇ" ಈ ಚಿಪ್ಪೇ.

ಥಾಯ್ ಭಾಷೆಯಲ್ಲಿ ಕವಡೆಗೆ "ಬಿಯಾ". ಬ್ಯಾಂಕಿನ ಬಡ್ಡಿಗೆ ಅವರ ಪದ "ಡಾಕ್‌ಬಿಯಾ", ಅಕ್ಷರಶಃ ಕವಡೆಯ ಹೂವು. ಅಸಲು ಗಿಡ, ಬಡ್ಡಿ ಅದರಲ್ಲಿ ಬಿಟ್ಟ ಹೂವು. ಫಿಕ್ಸೆಡ್ ಡೆಪಾಸಿಟ್ ಬಗ್ಗೆ ಇಷ್ಟು ಚೆಂದದ ಪದ ನಾನಂತೂ ಬೇರೆಲ್ಲೂ ಕೇಳಿಲ್ಲ.

ಇಟಲಿಯವರು ಕವಡೆಯ ಉಬ್ಬಿದ ಬೆನ್ನು ನೋಡಿ ಹಂದಿಮರಿ ನೆನಪು ಮಾಡ್ಕೊಂಡ್ರು. ಹಂದಿಮರಿಗೆ ಅವರಲ್ಲಿ "ಪೋರ್ಚೆಲ್ಲಾ", ಕವಡೆಗೆ "ಪೋರ್ಚೆಲ್ಲಾನ". 13ನೇ ಶತಮಾನದಲ್ಲಿ ಚೀನಾ ಸುತ್ತಿದ ಮಾರ್ಕೊ ಪೋಲೋನ ಪ್ರವಾಸ ಕಥನದಲ್ಲಿ ಯುನ್ನಾನ್ ಪ್ರಾಂತ್ಯದ ಕವಡೆ ಹಣಕ್ಕೂ ಇದೇ ಪದ, ಕವಡೆಯ ಹಾಗೆ ನುಣುಪಾಗಿ ಹೊಳೆಯೋ ಚೀನಾದ ಪಾತ್ರೆಗಳಿಗೂ ಇದೇ ಪದ. ಅದೇ ಇಂಗ್ಲಿಷಿನ "ಪೋರ್ಸಲಿನ್". ನಾವು ಪಿಂಗಾಣಿ ಅಂತೀವಿ. ಹಾಗಾಗಿ ದರ್ಶಿನಿಯಲ್ಲಿ ಪಿಂಗಾಣಿ ಕಪ್ಪಲ್ಲಿ ಕಾಫಿ ಕೊಟ್ರೆ, ಆ ಕಪ್ಪಿನ ಇಂಗ್ಲಿಷ್ ಹೆಸರಲ್ಲಿ ಒಂದು ಕವಡೆ, ಅದರ ಹಿಂದೆ ಒಂದು ಹಂದಿಮರಿ ಇದೆ.

ನಮ್ಮಲ್ಲಿ ಕವಡೆ ಉಳಿದಿರೋದು ಎಲ್ಲಿ?

ಮೊದಲು ಆಟದಲ್ಲಿ. ಚೌಕಾಬಾರ ಅನ್ನಿ, ಕಟ್ಟೆಮನೆ ಅನ್ನಿ. ಜಯನಗರದ ಹಳೇ ಮನೆಗಳ ಅಜ್ಜಿಯರನ್ನ ಕೇಳಿದ್ರೆ ರೆಡ್ ಆಕ್ಸೈಡ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದು ಅಡ್ಡ ಐದು ಉದ್ದದ ಮನೆ ಬರೆದು ತೋರಿಸ್ತಾರೆ. ನಾಲ್ಕು ಕವಡೆ ಎಸೀಬೇಕು. ಸೀಳು ಮೇಲೆ ಬಂದದ್ದು ಒಂದಾದ್ರೆ ಒಂದು, ಎರಡಾದ್ರೆ ಎರಡು, ಮೂರಾದ್ರೆ ಮೂರು. ನಾಲ್ಕೂ ಸೀಳು ಮೇಲೆ ಬಂದ್ರೆ ಚೌಕ, ನಾಲ್ಕು. ನಾಲ್ಕೂ ಬೋರಲು ಬಿದ್ರೆ ಬಾರ, ಎಂಟು. ಕವಡೆ ಎರಡೂ ಕಡೆ ಸಮನಾಗಿ ಬೀಳುತ್ತೆ ಅಂತ ಇಟ್ಕೊಂಡ್ರೆ ಬಾರ ಬೀಳೋ ಸಾಧ್ಯತೆ 16ಕ್ಕೆ ಒಂದು, ಎರಡು ಬೀಳೋದು 16ಕ್ಕೆ ಆರು. ಅಜ್ಜಿ ಈ ಲೆಕ್ಕ ಬರೆದು ಮಾಡಲ್ಲ, ಆದ್ರೆ ಕಾಯಿ ನಡೆಸೋದು ನೋಡಿದ್ರೆ ಅವರಿಗೆ ಚೆನ್ನಾಗೇ ಗೊತ್ತಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು ಸ್ವತಃ ಹೊಸ ಹೊಸ ಮಣೆ ಆಟ ಕಟ್ಟಿದವರು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಈ ಆಟಗಳನ್ನ ಮತ್ತೆ ಮಾಡಿಸಿ ಪ್ರದರ್ಶನ ನಡೆಸುತ್ತೆ.

ಆಮೇಲೆ ಪ್ರಶ್ನೆ ಕೇಳೋ ಕಡೆ. ಕರಾವಳಿ, ಕಾಸರಗೋಡು ಕಡೆಯ ಅಷ್ಟಮಂಗಲ ಪ್ರಶ್ನೆಯಲ್ಲಿ ಜ್ಯೋತಿಷಿಗಳು ಹಲಗೆ ಮೇಲೆ ಕವಡೆ ಇಟ್ಟು ಎಣಿಸ್ತಾರೆ. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು; ಪದ ಮಾತ್ರ ಅಲ್ಲಿ ಜೀವಂತ.

ಮೂರನೇದು ಮೈಮೇಲೆ. ಲಂಬಾಣಿ ಹೆಂಗಸರ ಕಸೂತಿ ಬಟ್ಟೆಯ ಅಂಚಿನಲ್ಲಿ ಕನ್ನಡಿ ಚೂರಿನ ಜೊತೆ ಕವಡೆ ಹೊಲಿದಿರ್ತಾರೆ. ಮೈಲಾರಲಿಂಗನ ಗೊರವರು ಕವಡೆ ಸರ ತೊಡ್ತಾರೆ. ಸವದತ್ತಿ ಯಲ್ಲಮ್ಮನ ಜೋಗತಿಯರ ಕೊರಳಲ್ಲೂ ಕವಡೆ ಸರ. ಅದು ಭಕ್ತಿಯ ಗುರುತು ಹೌದು. ಹಾಗೇ, ಬಡ ದಲಿತ ಕುಟುಂಬಗಳ ಹೆಣ್ಣುಮಕ್ಕಳನ್ನ ದೇವರ ಹೆಸರಲ್ಲಿ ಬಿಟ್ಟು ಅವರ ಬದುಕು ಹಾಳು ಮಾಡಿದ ಪದ್ಧತಿಯ ನೆನಪೂ ಹೌದು. ಕರ್ನಾಟಕ ಅದನ್ನ ನಿಷೇಧಿಸೋ ಕಾಯ್ದೆ ತಂದದ್ದು 1982ರಲ್ಲಿ. ಮನೆಯಿಂದ ಹೊರಬಿದ್ದು ಜೋಗತಿಯಾದ ಲಿಂಗತ್ವ ಅಲ್ಪಸಂಖ್ಯಾತ ಕಲಾವಿದೆ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದ್ರು, ಆಮೇಲೆ ಪದ್ಮಶ್ರೀ ಪಡೆದ್ರು. ಒಂದು ಕಾಲದಲ್ಲಿ ಜನ ಲೆಕ್ಕಕ್ಕೇ ತಗೊಳ್ಳದ ಕಲೆ, ಒಂದು ದಿನ ರಾಷ್ಟ್ರಪತಿ ಭವನದ ಒಳಗೆ ನಿಂತಿತ್ತು.

ಹಾಗಾದ್ರೆ ಬೆಲೆ ಯಾರು ಕಟ್ಟೋದು?

2011ರ ಜೂನ್ 30ಕ್ಕೆ 25 ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳ ಚಲಾವಣೆ ನಿಂತುಹೋಯ್ತು. 2016ರ ನವೆಂಬರ್ 8ರ ರಾತ್ರಿ ಟಿವಿಯಲ್ಲಿ ಒಂದು ಭಾಷಣ ಆಯ್ತು, 500 ಮತ್ತು 1000ದ ಹಳೇ ನೋಟಿನ ಬೆಲೆ ಹೋಯ್ತು. ಕಾಗದ ಅದೇ, ಗಾಂಧಿ ಚಿತ್ರ ಅದೇ. ಸಾಸಿವೆ ಡಬ್ಬಿಯಲ್ಲಿ ಗಂಡನಿಗೂ ಹೇಳದೇ ಕೂಡಿಟ್ಟಿದ್ದ ಎಷ್ಟೋ ತಾಯಂದಿರಿಗೆ ಒಡಿಶಾದ ಆ ರೈತನ ಸಂಕಟ ಅವತ್ತು ಅರ್ಥ ಆಗಿರುತ್ತೆ.

ಇದರ ಉಲ್ಟಾ ಉದಾಹರಣೆಯೂ ಇದೆ. ಹತ್ತು ರೂಪಾಯಿ ನಾಣ್ಯ ಕೊಟ್ರೆ "ಇದು ನಡೆಯಲ್ಲ" ಅನ್ನೋ ಅಂಗಡಿಯವರನ್ನ ನೀವೂ ನೋಡಿರ್ತೀರಿ. 14 ಡಿಸೈನಿನ ನಾಣ್ಯಗಳೂ ಅಸಲಿ, ಎಲ್ಲವೂ ಚಲಾವಣೆಯಲ್ಲಿವೆ ಅಂತ ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಪ್ರಕಟಣೆ ಕೊಟ್ಟಿತ್ತು. ಕಾನೂನು ಹೌದು ಅಂದ್ರೂ ಜನ ಬೇಡ ಅಂದ್ರೆ ಹಣ ಓಡಲ್ಲ. ಜನ ಹೌದು ಅಂದ್ರೂ ಸರ್ಕಾರ ಬೇಡ ಅಂದ್ರೆ ಓಡಲ್ಲ. ಕವಡೆ, ನೋಟು, ಫೋನಿನ ಸ್ಕ್ರೀನ್ ಮೇಲಿನ ಅಂಕಿ, ಮೂರಕ್ಕೂ ಇದೇ ನಿಯಮ. ಬೆಲೆ ವಸ್ತುವಿನ ಒಳಗೆ ಇರಲ್ಲ, ತಗೊಳ್ಳೋರು ಮತ್ತು ಕೊಡೋರ ನಡುವೆ ಇರುತ್ತೆ.

ಮುಂದಿನ ಸಲ ಯಾರಾದ್ರೂ ನಿಮ್ಮ ಡಿಗ್ರಿಗೋ, ಕೆಲಸಕ್ಕೋ, ನಿಮಗೋ ಕವಡೆ ಕಾಸಿನ ಬೆಲೆ ಇಲ್ಲ ಅಂದ್ರೆ, ಅದು ನಿಮ್ಮ ಬಗ್ಗೆ ಹೇಳಿದ ಸತ್ಯ ಅಂತ ತಗೋಬೇಡಿ. ಆ ಕೌಂಟರಿನಲ್ಲಿ ಸದ್ಯಕ್ಕೆ ತಗೋತಿಲ್ಲ ಅಂತ ಮಾತ್ರ ಅದರ ಅರ್ಥ. ಬೇರೆ ಕೌಂಟರುಗಳು ಇವೆ. ಹೇಳಿದವರು ದೊಡ್ಡಮ್ಮನೋ ಚಿಕ್ಕಪ್ಪನೋ ಆಗಿದ್ರೆ, 80 ಕವಡೆಗೆ ಒಂದು ಹಣ ಅನ್ನೋ ಲೆಕ್ಕ ಹೇಳಿಕೊಟ್ಟು ಇನ್ನೊಂದು ಹೋಳಿಗೆ ಹಾಕಿಸ್ಕೊಳ್ಳಿ.

ನಿಮ್ಮ ಮನೇಲಿ, ನಿಮ್ಮ ಊರಲ್ಲಿ ಕವಡೆಗೆ ಏನಂತಾರೆ? ತುಳು, ಕೊಂಕಣಿ, ಕೊಡವ, ಬ್ಯಾರಿ, ದಖ್ಖನಿ ಉರ್ದು, ಸಂಕೇತಿ, ಯಾವುದಾದ್ರೂ ಸರಿ. ಅಜ್ಜಿ ತಾತನ ಹತ್ರ ಕೇಳಿ, ಅವರ ದನಿಯಲ್ಲೇ ರೆಕಾರ್ಡ್ ಮಾಡಿ ಒಂದು ವಾಯ್ಸ್ ನೋಟ್ ಕಳಿಸಿ. ಕವಡೆ ಆಟದಲ್ಲಿ ನಿಮ್ಮ ಮನೆಯ ರೂಲ್ಸ್ ಬೇರೆ ಇದ್ರೆ ಅದನ್ನೂ ಹೇಳಿ. ಒಳ್ಳೇದನ್ನ ಮುಂದಿನ ಎಪಿಸೋಡಲ್ಲಿ ಕೇಳಿಸ್ತೀವಿ. ಅಲ್ಲಿವರೆಗೂ, ನಮಸ್ಕಾರ.